ಸ್ಮರಣ ಸಂಚಿಕೆಗೆ ಒಂದು ಪುಟ

ಕಾಲೇಜಿಗೆ ಐವತ್ತು ತುಂಬಿತಂತೆ.
ನಿವೃತ್ತನಾದ ನನ್ನನ್ನು ಹುಡುಕಿಕೊಂಡು ಬಂದು
ಒಂದು ಪುಟ ಕೊಟ್ಟರು: ‘ಗೋಣಿಕೊಪ್ಪದ ಗಣ್ಯರು’.
ಹತ್ತು ಹೆಸರು, ಪಾಸ್‌ಪೋರ್ಟ್ ಅಳತೆಯ ಹತ್ತು ಫೋಟೊ,
ಸೋಮವಾರದೊಳಗೆ.

ಪ್ರಿನ್ಸಿಪಾಲರೇ ಪೆನ್ಸಿಲಿನಲ್ಲಿ ಶುರು ಹಚ್ಚಿದ್ದರು –
ಇಬ್ಬರು ಕರ್ನಲ್, ಕೆಳಗೊಬ್ಬ ಬ್ರಿಗೇಡಿಯರ್
(ಇವರು ಮೇಲಿರಲಿ ಎಂದು ಬಾಣದ ಗುರುತು),
ಹೈಕೋರ್ಟಿನವರು ಒಬ್ಬರು,
ದೇಶಕ್ಕೆ ಆಡಿದ ಗೋಲಿ ಅಯ್ಯಣ್ಣ,
ಕಾಫಿ ಕ್ಯೂರಿಂಗಿನ ಮಾಲೀಕರು –
ಹಿಂಬದಿ ರಕ್ಷಾಪುಟದ ಜಾಹೀರಾತೂ ಅವರದೇ.

ಆರಾಯಿತು. ಉಳಿದ ನಾಲ್ಕು ನನ್ನ ಪಾಲು.

ಬಯಲುಸೀಮೆಯಿಂದ ಹಳಗನ್ನಡ ಹೊತ್ತು ಬಂದವನು ನಾನು.
ಮೊದಲ ತರಗತಿಯಲ್ಲಿ ಅರವತ್ತು ಹುಡುಗರು,
ಅರವತ್ತೂ ಕತ್ತು ಕಿಟಕಿಯಾಚೆ, ಮೈದಾನಕ್ಕೆ.
ಆಮೇಲಾಮೇಲೆ ನಾನೂ ಅಲ್ಲೇ ನೋಡತೊಡಗಿದೆ.

ಜೆರಾಕ್ಸ್ ಅಂಗಡಿಯ ಮೊಯ್ದು ಬರಲೇಬೇಕು.
ಮೂವತ್ತು ವರ್ಷ ನನ್ನ ನೋಟ್ಸು ಅವನ ಗಾಜಿನ ಮೇಲೆ ಮಲಗಿ ಎದ್ದಿದೆ.
ಒಮ್ಮೆ ಚಿಲ್ಲರೆ ಎಣಿಸುತ್ತ ಮೆಲ್ಲಗೆ ಕೇಳಿದ:
‘ಸಾರ್, ಹೋದ ವರ್ಷ ಈ ಪದ್ಯಕ್ಕೆ ಬೇರೆ ಅರ್ಥ ಬರೆಸಿದ್ರಿ?’
ವಿಶ್ವವಿದ್ಯಾಲಯದಲ್ಲಿ ಒಬ್ಬನೂ ಕೇಳಲಿಲ್ಲ.

ಬಾಳೆಲೆ ಬಸ್ಸಿನ ಕಂಡಕ್ಟರ್ ವರ್ಗೀಸ್.
ಪರೀಕ್ಷೆಯ ದಿನ ತಡವಾಗಿ ಓಡಿ ಬಂದ ಮಕ್ಕಳ ಕೈಯಲ್ಲಿ
ಅವನ ಟಿಕೆಟ್ಟು, ಹಿಂಬದಿಯಲ್ಲಿ ಬಾಲ್‌ಪೆನ್ನು:
‘ಆನೆ. ಇಪ್ಪತ್ತು ನಿಮಿಷ.’ ಕೆಳಗೆ ರುಜು.
ಡಾಕ್ಟರ ಸರ್ಟಿಫಿಕೇಟಿಗೆ ನೂರು ಪ್ರಶ್ನೆ ಕೇಳುವ ಆಫೀಸು
ಇದಕ್ಕೆ ಮಾತಿಲ್ಲದೆ ಉತ್ತರಪತ್ರಿಕೆ ಕೊಡುತ್ತಿತ್ತು.

ಹಾಸ್ಟೆಲಿನ ಚೋಂದಮ್ಮ ಹುಡುಗಿಯರ ಪತ್ರ ಒಡೆದು ಓದುತ್ತಾರೆಂದು ದೂರು.
ನಿಜ. ಓದಿ, ಕೆಂಪು ಶಾಯಿಯಲ್ಲಿ ಒತ್ತಕ್ಷರ ತಿದ್ದಿ,
ಮತ್ತೆ ಅಂಟಿಸಿ ಕೊಡುತ್ತಿದ್ದರು.
‘ಪ್ರಾಣ ಕೊಡ್ತೇನೆ ಅಂತಾನೆ, ಮಹಾಪ್ರಾಣ ಗೊತ್ತಿಲ್ಲ.’
ಕನ್ನಡ ವಿಭಾಗ ಇಷ್ಟು ದುಡಿದದ್ದು ನನಗೆ ನೆನಪಿಲ್ಲ.

ಹತ್ತನೆಯವನು ಬೊಳುಕ.
ಎರವರ ಬೊಳುಕ, ದಿನಗೂಲಿ, ಹಾಜರಿ ಪುಸ್ತಕದಲ್ಲಿ ‘ಇತರೆ’.
ಪಂದ್ಯದ ಬೆಳಿಗ್ಗೆ ತಳ ತೂತಿನ ಡಬ್ಬದಲ್ಲಿ ಸುಣ್ಣ ತುಂಬಿ
ಗೋಲಿನೆದುರು ಬೆನ್ನು ಹಾಕಿ ಹಿಂದಕ್ಕೆ ನಡೆಯುತ್ತಿದ್ದ.
ಹಗ್ಗವಿಲ್ಲ, ಗೂಟವಿಲ್ಲ, ತಿರುಗಿ ನೋಡುವುದಿಲ್ಲ.
ಕಂಬದಿಂದ ಕಂಬಕ್ಕೆ ಅರ್ಧಚಂದ್ರ
ಹುಲ್ಲಿನಿಂದ ತಾನೇ ಎದ್ದ ಹಾಗೆ.
ನಾನು ಹಾಜರಿ ಕೂಗುವುದನ್ನು ನಿಲ್ಲಿಸಿಬಿಡುತ್ತಿದ್ದೆ.

ಫೋಟೊ ಎಲ್ಲಿದೆ?
ಅವನಿಲ್ಲ. ಲೈನ್‌ಮನೆಯಲ್ಲಿ ಮಗಳಿದ್ದಾಳೆ, ಅವಳ ಬಳಿಯೂ ಇಲ್ಲ.
ಎಂಬತ್ತನಾಲ್ಕರ ತಂಡದ ಚಿತ್ರ ಸಿಕ್ಕಿತು –
ನಡುವೆ ಪ್ಯಾಡು ಕಟ್ಟಿದ ಅಯ್ಯಣ್ಣ,
ಎಡ ಅಂಚಿನಲ್ಲಿ ಒಂದು ಡಬ್ಬ, ಒಂದು ಕೈ,
ಮಣಿಕಟ್ಟಿನವರೆಗೆ ಬಿಳಿ.
ಅಷ್ಟೇ. ಉಳಿದ ಬೊಳುಕ ಚೌಕಟ್ಟಿನ ಆಚೆ.

ಅಯ್ಯಣ್ಣನಿಗೆ ಫೋನು ಮಾಡಿದೆ, ಅವನ ಫೋಟೊ ಕೇಳಲು.
‘ಬೊಳುಕನಾ!’ ಅಂದವನು ಬಹಳ ಹೊತ್ತು ನಕ್ಕ.
‘ಹೊರಗಿನ ಮೈದಾನದಲ್ಲೆಲ್ಲ ಡಿ ಚಿಕ್ಕದು ಅನ್ನಿಸೋದು, ಸಾರ್.
ಯಾರೋ ಮೋಸ ಮಾಡ್ತಿದ್ದಾರೆ ಅಂದ್ಕೊಂಡಿದ್ದೆ.
ಒಂದ್ಸಲ ರಜೆಗೆ ಬಂದಾಗ ಟೇಪು ಹಿಡಿದೆ.
ತಪ್ಪು ನಮ್ಮದೇ – ಎರಡು ಗೇಣು ದೊಡ್ಡದು.
ಅಷ್ಟಗಲ ಕಾದು ಕಾದೇ ಅಲ್ವಾ
ಅಲ್ಲಿ ಸಲೀಸಾಗಿ ನಿಂತದ್ದು.’
ಆಮೇಲೆ ನಗಲಿಲ್ಲ.
‘ಅವನಿಗೆ ಹೇಳಲಿಲ್ಲ, ಸಾರ್. ಹೇಳಿದ್ರೆ ಸರಿಮಾಡಿಬಿಡ್ತಿದ್ದ.’

ಡಿಟಿಪಿಯ ಹುಡುಗ ಕೇಳಿದ:
‘ಇದ್ಯಾರ ಕೈ? ಕತ್ತರಿಸ್ಲಾ?’
ಕತ್ತರಿಸು ಎಂದೆ. ಕೈಯೊಂದನ್ನೇ ಉಳಿಸಿ
ಮಿಕ್ಕ ತಂಡವನ್ನು.

ಕರಡು ನೋಡುತ್ತ ಪ್ರಿನ್ಸಿಪಾಲರು
ಒಂಬತ್ತು ಮುಖ ದಾಟಿ ಕೈಯ ಬಳಿ ನಿಂತರು.
ಕಿವಿಯ ಹಿಂದಿನ ಪೆನ್ಸಿಲು ತೆಗೆದು
ಅದರ ಪಕ್ಕಕ್ಕೊಂದು ಬಾಣ ಎಳೆದರು.
ಮೇಲಕ್ಕೋ, ಹೊರಕ್ಕೋ –
ನನ್ನ ಕನ್ನಡಕ ಮನೆಯಲ್ಲಿತ್ತು.