ಹೆಪ್ಪು

ನನ್ನ ಎದೆಯ ಅಳತೆ ನೆಬಿಸಾಳಿಗೆ ಬಾಯಿಪಾಠ.
ರುವಿಯ ಹಿಂಬದಿ ಗಲ್ಲಿ, ಬೋಳು ಗುಡ್ಡಕ್ಕೆ ಬೆನ್ನು ಕೊಟ್ಟ ಅಂಗಡಿ,
ಟೇಪು ಕೊರಳಲ್ಲಿ, ಗುಂಡುಸೂಜಿ ತುಟಿಯಲ್ಲಿ,
ಹನ್ನೊಂದು ವರ್ಷದಿಂದ ನನ್ನ ರವಿಕೆ, ಇಡೀ ಬೀದಿಯ ಅಬಾಯ.
"ಅಕ್ಕ, ಈ ಸಲ ಅರ್ಧ ಇಂಚು ಜಾಸ್ತಿ"
ಎಂದು ಅವಳೊಬ್ಬಳೇ ಹೇಳಬಲ್ಲಳು
ನನಗೆ ಸಿಟ್ಟು ಬಾರದ ಹಾಗೆ.

ಅವಳ ಎದೆ ನನ್ನ ಅಳತೆಗೆ ಬಂದದ್ದು ಒಂದು ಭಾನುವಾರ.
ಮೇಣದ ಅಚ್ಚಿನಲ್ಲಿ ಕೂತ ಚೂರು, ಮೇಲೊಂದು ನಂಬರು.
ನಂಬರಿನ ಹಿಂದಿನ ಹೆಸರು ನನಗೆ ಗೊತ್ತಿರಬಾರದಿತ್ತು.
ಗೊತ್ತಿತ್ತು.
ನನ್ನ ಯಂತ್ರ ಕೊಯ್ಯುವುದು ನಾಲ್ಕು ಮೈಕ್ರಾನಿನ ಪದರ,
ಕೂದಲೆಳೆಯನ್ನು ಇಪ್ಪತ್ತು ಸೀಳಿದಷ್ಟು ತೆಳು.
ಬೆಚ್ಚನೆ ನೀರಲ್ಲಿ ತೇಲಿಬಿಟ್ಟು
ಸುಕ್ಕು ಬಿಡಿಸಿದೆ, ಅವಳು ಲೈನಿಂಗಿನ ಸುಕ್ಕು ಬಿಡಿಸುವ ಹಾಗೆ.

ಮೂರು ಪರೀಕ್ಷೆ. ಮೂರಕ್ಕೂ ಬಣ್ಣ ಹಿಡಿಯಲಿಲ್ಲ.
ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅನ್ನುತ್ತಾರಲ್ಲ,
ಆ ಗಾದೆ ಈ ಗಂಟಿಗೇ ಹೇಳಿದ್ದು.

ಮದ್ದು ಏರಿತು. ಕೂದಲು ಹೋಯಿತು, ಹುಬ್ಬು ಹೋಯಿತು,
ಬಂಗುಡೆಯ ರುಚಿ ಹೋಯಿತು.
ಗಂಟು ಕರಗಿತು, ಉಳಿದದ್ದನ್ನು ಕೊಯ್ದು ತೆಗೆದರು.
ಎಡಗಡೆಗೆ ಅವಳೇ ಹತ್ತಿ ತುಂಬಿ ಹೊಲಿದುಕೊಂಡಳು,
ಅಳತೆ ಒಂದು ನೂಲೂ ತಪ್ಪದೆ.
ಸ್ಕ್ಯಾನು ಸ್ವಚ್ಛ ಎಂದ ದಿನ ಬೀದಿಗೆಲ್ಲ ಹಲ್ವ.

ಹದಿನಾಲ್ಕು ತಿಂಗಳು.

ಆಮೇಲೆ ಲಿವರಿನಿಂದ ಇನ್ನೊಂದು ಚೂರು ನನ್ನ ಮೇಜಿಗೆ.
ಡಾಕ್ಟರ್ ಹಿಲಾಲ್ ಹೊಸದೊಂದು ಬಣ್ಣ ಹಾಕಿಸಿದರು,
ವರದಿಗಲ್ಲ, ತಮ್ಮ ತಿಳಿವಿಗೆ. ನೀನೂ ನೋಡು ಎಂದರು.
ನೀಲಿ ಗದ್ದಲದ ನಡುವೆ ಅಲ್ಲೊಂದು ಇಲ್ಲೊಂದು
ಕಂದು ಅಂಚಿನವು. ನೂರಕ್ಕೆ ಎರಡೋ ಮೂರೋ.
"ಕಾಂಡಕೋಶ ಇರಬಹುದು.
ಉಳಿದವು ದುಡಿಯುತ್ತವೆ, ಸಾಯುತ್ತವೆ.
ಇವು ಮಲಗಿರುತ್ತವೆ."

ಅರ್ಥವಾಯಿತು. ಬಂದ ಹೊಸತರಲ್ಲಿ ನಾನೂ ಬೆಡ್‌ಸ್ಪೇಸಿನವಳೇ:
ಒಂದು ಮಂಚ, ಎರಡು ಪಾಳಿ, ನಡುವೆ ಪರದೆ.
ತಪಾಸಣೆಯವರ ಕಣ್ಣಿಗೆ ಬೀಳುವುದು ಎದ್ದು ಓಡಾಡುವವರು;
ಕಂಬಳಿ ಹೊದ್ದವಳನ್ನು ಯಾರೂ ಎಣಿಸುವುದಿಲ್ಲ.
ಮದ್ದೂ ಹಾಗೆ. ಬೆಳೆಯುವುದನ್ನು ಕಂಡರೆ ಬಡಿಯುತ್ತದೆ,
ನಿದ್ದೆಯನ್ನು ದಾಟಿ ಹೋಗುತ್ತದೆ.
ಇಲ್ಲ, ಈ ಹೋಲಿಕೆ ಸರಿಯಲ್ಲ.
ನಾವು ಯಾರ ಮನೆಯನ್ನೂ ತಿನ್ನಲಿಲ್ಲ,
ಮನೆಗೆ ದುಡ್ಡು ಕಳಿಸಿದೆವು. ಹೊಡೆದುಹಾಕುತ್ತೇನೆ.

ಕಾಂಡವಂತೆ. ಮೈಯೊಳಗೆ ಎಲ್ಲಿಯ ಮರ, ಎಲ್ಲಿಯ ಕಾಂಡ?
ಹೆಸರಿಟ್ಟವರು ಅಡುಗೆಮನೆಗೆ ಕಾಲಿಟ್ಟಿರಲಿಕ್ಕಿಲ್ಲ.

ಶುಕ್ರವಾರ ಸಂಜೆ ನೆಬಿಸಾ ಬಂದಳು, ಕೈಯಲ್ಲಿ ಸ್ಟೀಲಿನ ಲೋಟ.
"ಅಕ್ಕ, ಸ್ವಲ್ಪ ಹೆಪ್ಪು ಉಂಟಾ?
ಪ್ಯಾಕೆಟಿನ ಲಬನ್ ಎಂತ ಮಾಡಿದ್ರೂ ಕಟ್ಟುದಿಲ್ಲ."
ಮೊಸರು ಮುಗಿದಿತ್ತು. ಪಾತ್ರೆ ಆಗಷ್ಟೇ ತೊಳೆದಿಟ್ಟದ್ದು.
ಕಂಠದ ಮಡಿಕೆಯಲ್ಲಿ, ನಾರು ತಾಗದ ಕಡೆ, ಒಂದು ಬಿಳಿ ಚುಕ್ಕೆ.
ಹದಿನೆಂಟು ವರ್ಷದ ಹಿಂದೆ ಬಟ್ಟೆಯ ತುಂಡಿಗೆ ಒಣಗಿಸಿ
ಬ್ಯಾಗಿನ ತಳದಲ್ಲಿ ತಂದ ಹೆಪ್ಪಿನ
ಮೊಮ್ಮಗಳ ಮೊಮ್ಮಗಳ ಮೊಮ್ಮಗಳು.
ಎಷ್ಟು ಹಾಲು ಬಂತು, ಎಷ್ಟು ಮೊಸರು ಮುಗಿಯಿತು,
ಎಷ್ಟು ಸಲ ಬೂದಿ, ಸೋಪು, ಕುದಿನೀರು.
ಪ್ರತಿ ಇರುಳೂ ಒಂದು ಚುಕ್ಕೆ ಸಾಕಾಗಿತ್ತು.

ಚಮಚ ಹಿಡಿದ ಕೈ ಅಲ್ಲೇ ನಿಂತಿತು.

"ಯಾಕೆ, ಕಡಿಮೆ ಉಂಟಾ?"
"ಕಡಿಮೆಯಾಗುವಂಥದ್ದಲ್ಲ ಮಾರಾಯ್ತಿ, ಇದು."
ಕೆರೆದು ಕೊಟ್ಟೆ. ವರದಿ ಇನ್ನೂ ಅವಳಿಗೆ ಮುಟ್ಟಿರಲಿಲ್ಲ.
ಅವಳು ಕೇಳಿದ್ದು ಮೊಸರು.
ಬಾಗಿಲಲ್ಲಿ ನಿಂತು ನನ್ನ ತೋಳಿನ ಹೊಲಿಗೆ ಎಳೆದು ನೋಡಿ
"ಇದನ್ನು ಯಾರು ಹೊಲಿದದ್ದು?" ಎಂದು ಮೂತಿ ತಿರುವಿದಳು.

ಬೆಳಿಗ್ಗೆ ಆರಕ್ಕೆ ಫೋನು. ದನಿಯಲ್ಲಿ ನಗು.
"ಕಟ್ಟಿದೆ ಅಕ್ಕ! ಎಂಥಾ ಗಟ್ಟಿ ಗೊತ್ತುಂಟಾ,
ಚಾಕು ಹಾಕಿ ಕೊಯ್ಯಬಹುದು."