ನಾಲ್ಕನೆಯ ಸಹಿ

ಅರ್ಜಿಯಲ್ಲಿ ನಾಲ್ಕನೆಯ ಸಹಿ ನನ್ನದು.
ಸುಳ್ಳು ಹೇಳುವುದಿಲ್ಲ.
ಗಡಿಯಾರದ ಕೂದಲೆಳೆ ಸ್ಪ್ರಿಂಗು ಕೂರಿಸುವ ಕೈ ಇದು,
ಹೊಳೆನರಸೀಪುರದ ಪೇಟೆಬೀದಿಯಲ್ಲಿ ಮೂವತ್ತು ವರ್ಷ;
ಸಹಿ ಹಾಕುವಾಗ ಮಾತ್ರ ದಪ್ಪಗೆ ಗೀಚಿದೆ:
ಚಿಕ್ಕವೀರಯ್ಯ, ವಾಚ್ ರಿಪೇರಿ.

ಕಾರಣ ದೊಡ್ಡದೇನಲ್ಲ. ಭಾನುವಾರಗಳು.
ಎಸೆದ ಗಾಳವೆಲ್ಲ ಅಂತರಗಂಗೆಯ ಪಾಲು.
ಎಳೆದರೆ ಬರುವುದು ಒಂದು ಹಿಡಿ ಬೇರು,
ಬೇರಿಗಂಟಿದ ಬಸವನಹುಳು,
ಎರಡು ಸೀಗಡಿ, ಪಕ್ಕದವನ ಬೈಗುಳ.
ಒಂದೇ ಮಳೆಗಾಲಕ್ಕೆ ಹದಿನೇಳು ಕೊಕ್ಕೆ ಹೋದವು.
ಬರೆದಿಟ್ಟಿದ್ದೇನೆ, ಅಂಗಡಿಯ ಸಾಲದ ಪುಸ್ತಕದಲ್ಲಿ,
ಹೇಮಾವತಿ ಅನ್ನುವ ಹೆಸರಿನ ಕೆಳಗೆ.

ಪುಟ್ಟನಿಂಗಮ್ಮನ ಕಾರಣ ದೊಡ್ಡದು.
ಹಸಿರು ಕಂಡು, ನೆಲವೆಂದು ನಂಬಿ
ಅವಳ ಎಮ್ಮೆ ಕಾಲಿಟ್ಟಿತ್ತು.
ಕೊನೆಗೆ ಕೊಂಬಷ್ಟೇ ಕಾಣುತ್ತಿತ್ತಂತೆ, ಸುತ್ತ ನೇರಳೆ ಹೂವು.
ಅವಳದು ಹೆಬ್ಬೆಟ್ಟು, ನನ್ನ ಸಹಿಗಿಂತ ಮೇಲೆ.

ಫೆಬ್ರವರಿಯಲ್ಲಿ ಹಿಟಾಚಿ ಬಂತು.
ಹನ್ನೊಂದು ದಿನ ಹೊಳೆಯ ತಲೆ ಬಾಚಿತು.
ನಡೆಸುವವನು ಜಾರ್ಖಂಡದ ಹುಡುಗ, ಸೋಮಾಯ್.
ಬಕೆಟ್ಟು ಎತ್ತಿದಾಗಲೆಲ್ಲ
ಹಸಿರು ಗಡ್ಡದಿಂದ ನೀರಿಳಿಯುತ್ತಿತ್ತು,
ನೀರಿನ ಜೊತೆ ಬೆಳ್ಳಿ ಚೂರುಗಳೂ.
ದಡದಲ್ಲಿ ರಾಶಿ, ರಾಶಿಯೊಳಗೆ ಚಟಪಟ,
ಕಡಲೆ ಹುರಿಯುವ ಬಾಣಲೆಯ ಹಾಗೆ.
ಬೆಳ್ಳಕ್ಕಿಗಳು ಮೂರು ದಿನ ಹಾರುವುದನ್ನೇ ಮರೆತವು.
ಒಮ್ಮೆ ಸೋಮಾಯ್ ಇಂಜಿನ್ ನಿಲ್ಲಿಸಿ ಇಳಿದ,
ಬಕೆಟ್ಟಿನ ಹಲ್ಲಿಗೆ ಸಿಕ್ಕ ಹಾವುಮೀನನ್ನು ಬಿಡಿಸಿ
ನೀರಿಗೆ ಬಿಟ್ಟ.
ಸಿಕ್ಕ ಪಕ್ಕೆಗಳನ್ನು ಟಿಫನ್ ಡಬ್ಬಿಗೆ ಹಾಕಿಕೊಂಡ.
ಎರಡನ್ನೂ ಒಂದೇ ಮುಖದಲ್ಲಿ ಮಾಡಿದ.

ಈಗ ನೀರು ಕನ್ನಡಿ.
ಮಕ್ಕಳು ಈಜುತ್ತಾರೆ, ಬಟ್ಟೆ ಬೆಳ್ಳಗಾಗುತ್ತದೆ, ಸೊಳ್ಳೆ ಕಡಿಮೆ.
ಪುಟ್ಟನಿಂಗಮ್ಮ ಮಂಡಿಯುದ್ದದ ನೀರಲ್ಲಿ ನಿಂತು
ಹೊಸ ಎಮ್ಮೆಯ ಬೆನ್ನುಜ್ಜುತ್ತಾಳೆ.
ನನ್ನ ಗಾಳ ಎಸೆದಲ್ಲಿ ಬೀಳುತ್ತದೆ,
ಬಿದ್ದಲ್ಲೇ ಇರುತ್ತದೆ.
ನವಿಲುಗರಿಯ ಬೆಂಡು ನೆಟ್ಟಗೆ ನಿಂತಿರುತ್ತದೆ
ಕೀಲಿ ಕೊಡದ ಗಡಿಯಾರದ ಮುಳ್ಳಿನಂತೆ.
ತಳದ ಮರಳೂ ಕಾಣುತ್ತದೆ. ಮಿಂಚಿದ್ದೇನೆಂದು ಬಗ್ಗಿದೆ:
ನನ್ನದೇ ಕೊಕ್ಕೆ.
ಹದಿನೇಳರಲ್ಲಿ ಒಂದು ವಸೂಲಿ.

ಹಳೇ ಸೇತುವೆಯ ಮೂರನೇ ಕಂಬದ ಮೂಲೆಗೆ
ಬಕೆಟ್ಟು ನಿಲುಕಿರಲಿಲ್ಲ.
ಒಂದು ಚಾಪೆಯಷ್ಟು ಕಳೆ ಉಳಿದಿದೆ ಅಲ್ಲಿ.
ಅರ್ಜಿಗೆ ಸಹಿ ಹಾಕಿದ ಗಾಳದವರೆಲ್ಲ ಈಗ ಅದರ ಸುತ್ತ,
ಭುಜಕ್ಕೆ ಭುಜ, ಒಂಬತ್ತು ಕೋಲು,
ಸೀಮೆಎಣ್ಣೆಗೆ ನಿಂತ ಸಾಲಿನ ಹಾಗೆ.

ಮುಂಗಾರಿನ ಮೊದಲ ಹನಿ ಬಿದ್ದ ವಾರ
ಕಳೆಯ ಅಂಚಲ್ಲಿ ನೀರು ಕೆಂಪಗೆ ಕುದಿಯಿತು.
ಕೊರವನ ಮರಿಗಳು, ನೂರೋ ಇನ್ನೂರೋ,
ಕುಂಕುಮದ ಭರಣಿ ಚೆಲ್ಲಿದಂತೆ, ಆದರೆ ಚೆದುರದೆ,
ಒಂದೇ ಮುದ್ದೆಯಾಗಿ ಉಸಿರಿಗೆ ಏಳುವುದು, ಮುಳುಗುವುದು.
ಅಡಿಯಲ್ಲಿ ಮೊಳದುದ್ದದ ಕಪ್ಪು, ತಾಯಿಯೋ ತಂದೆಯೋ,
ಕಾವಲು.

ಕಾವಲಿರುವ ಕೊರವ ಹಸಿವಿಗೆ ಕಚ್ಚುವುದಿಲ್ಲ,
ಸಿಟ್ಟಿಗೆ ಕಚ್ಚುತ್ತದೆ.
ಮರಿಗಳ ಮೇಲೆ ಒಂದು ಕಪ್ಪೆ ಇಳಿಬಿಟ್ಟರೆ ಸಾಕು.
ಇದು ಒಂಬತ್ತು ಜನಕ್ಕೂ ಗೊತ್ತು.
ಒಂಬತ್ತು ಜನವೂ ಉಸಿರು ಹಿಡಿದೆವು.
ಮೇಲೆ ಯಾರದೋ ಬೈಕು ದಾಟಿ ಹೋಯಿತು.
ಆಮೇಲೆ, ಪುಳಕ್.
ಕಪ್ಪೆ ಬಿದ್ದ ಸದ್ದು.

ಯಾರದೆಂದು ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ.
ಎಲ್ಲರೂ ನನ್ನನ್ನು ನೋಡುತ್ತಿದ್ದರು.

ದಾರಿಯಲ್ಲಿ ಪುಟ್ಟನಿಂಗಮ್ಮ ಕೇಳಿದಳು:
'ಏನಾರ ಸಿಕ್ತಾ, ವಾಚಣ್ಣ?'
'ಹೊಳೆ ಚೆಂದ ಕಾಣ್ತದೆ ಕಣವ್ವ' ಅಂದೆ.
ಚೀಲ ಮೊಣಕಾಲಿಗೆ ಬಡಿಯುತ್ತಿತ್ತು.
ಇನ್ನೂ ಜೀವವಿತ್ತು.