ಅಂಗೈಗೆ ಕೇಳಿದ್ದು

ತಲ್ಲಿನ್ನಿನ ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ
ಕಬ್ಬಿಣದ ಹೊಟ್ಟೆಗೆ ಸುತ್ತಿಗೆ ಹೊಡೆದೆ.
ಹಡಗುಗಳು ಹೋದವು, ಕಿವಿಯನ್ನೂ ಒಯ್ದವು.
ಈಗ ಹಿಯುಮಾ ದ್ವೀಪದಲ್ಲಿ
ಕಡಲು ಬಾಯಿ ಆಡಿಸುತ್ತದೆ, ಅಷ್ಟೆ.

ಏಪ್ರಿಲ್ ಮೊದಲ ವಾರ, ದಡದಲ್ಲಿನ್ನೂ ಹಿಮಗಡ್ಡೆ.
ಲೈನೆ ಅಕ್ಕನ ಮನೆಯಿಂದ ಹನ್ನೊಂದು ಮೊಟ್ಟೆ ತಂದಳು,
ಒಂದೊಂದನ್ನೂ ಉಣ್ಣೆಯ ಕಾಲುಚೀಲದೊಳಗೆ ತುರುಕಿ.
ಕಾವು ಕೂರಲು ಕೋಳಿಯಿಲ್ಲ;
ಎಂಡೆಲ್‌ನ ಹಳೆಯ ಕಾವುಪೆಟ್ಟಿಗೆ
ಬಿಸಿಸ್ನಾನದ ಸೌನಾ ಕೋಣೆಯಲ್ಲಿ ಬಂದು ಕೂತಿತು.

ಇಪ್ಪತ್ತನೆಯ ದಿನ ಒಂದನ್ನೆತ್ತಿ ನನ್ನ ಅಂಗೈಯಲ್ಲಿಟ್ಟಳು.
'ಕೂಗುತ್ತಿದೆ' ಎಂದವು ಅವಳ ತುಟಿ, 'ಒಳಗಿಂದಲೇ.'
ನಾನು ನಕ್ಕೆ. ಆಮೇಲೆ ನಗು ನಿಲ್ಲಿಸಿದೆ.
ಚಿಪ್ಪಿನಾಚೆ ಯಾರೋ
ಸೂಜಿಮೊನೆಯಷ್ಟು ಸಣ್ಣ ಸುತ್ತಿಗೆ ಹಿಡಿದು
ಹಡಗು ಒಡೆಯುತ್ತಿದ್ದರು.

ಒಂಬತ್ತು ಹೊರಬಂದವು. ನೆಂದ ಬತ್ತಿಯ ಹಾಗಿದ್ದವು,
ಒಣಗಿದ್ದೇ ತಡ, ಊದಿದರೆ ಹಾರುವಂತಾದವು.
ಲೈನೆ ಅವುಗಳ ಮಾತಿನಲ್ಲಿ ಭೇದ ಹೇಳುತ್ತಾಳೆ:
ಇದು ಹಸಿವು, ಇದು ಚಳಿ,
ಇದು ಕಳೆದುಹೋದೆ ಎಂಬ ಕೂಗು.
ನನಗೆ ನೆಲವೇ ಪುಸ್ತಕ.
ಶಾಖದ ಬುರುಡೆಯಡಿ ಒಂದರ ಮೇಲೊಂದು ಗುಪ್ಪೆಯಾದರೆ ಚಳಿ.
ಗೋಡೆಗೊತ್ತಿ ರೆಕ್ಕೆ ಇಳಿಬಿಟ್ಟು ಬಾಯಿ ತೆರೆದರೆ ಸೆಕೆ.
ಎಲ್ಲವೂ ಒಂದೇ ಮೂಲೆಗೆ ಸರಿದಿದ್ದರೆ
ಎದುರು ಮೂಲೆಯಲ್ಲಿ ಗಾಳಿ ನುಗ್ಗುವ ಬಿರುಕಿದೆ, ಹುಡುಕು.
ಚೆಲ್ಲಿದ ಕಾಳಿನಂತೆ ಅಲ್ಲಲ್ಲಿ ಬಿದ್ದುಕೊಂಡಿದ್ದರೆ
ಎಲ್ಲ ಸರಿಯಿದೆ, ಹೋಗಿ ಕಾಫಿ ಕುಡಿ.

ಮೊದಲ ದಿನ ಒಂದು ಮರಿ
ಕತ್ತು ನೀಳ ಚಾಚಿ ಮುಗ್ಗರಿಸಿ ಬಿತ್ತು.
ಸತ್ತಿತೆಂದು ಟೋಪಿ ತೆಗೆದೆ.
ಅದು ಎದ್ದು ನನ್ನ ಅಂಗಿಯ ಗುಂಡಿ ಕುಕ್ಕಿತು.
ನಿದ್ದೆ ಅವಕ್ಕೆ ಹೇಳಿ ಬರುವುದಿಲ್ಲ,
ನಡೆಯುತ್ತಿದ್ದಂತೆಯೇ ಮೇಲೆರಗುತ್ತದೆ.
ಇನ್ನೊಂದರ ಹಿಂಬದಿಗೆ ಹಿಕ್ಕೆ ಅಂಟಿ ಮುಚ್ಚಿಹೋಗಿತ್ತು;
ಬೆಚ್ಚನೆ ನೀರು, ಹತ್ತಿ, ಅರ್ಧ ಗಂಟೆ.
ತುಕ್ಕು ಕೆರೆದ ಬೆರಳು ಇಷ್ಟು ಮೆತ್ತಗಾಗುವುದುಂಟೇ ಎಂದು
ಲೈನೆ ಕಣ್ಣರಳಿಸಿದಳು.

ಕೈ ಮೇಲಿಂದ ಇಳಿದರೆ ಗಿಡುಗ.
ಅದೇ ಕೈ ಪಕ್ಕದಿಂದ ನೆಲ ಹಿಡಿದು ತೆವಳಿ ಬಂದರೆ
ಏನೋ ಒಂದು, ಬಹುಶಃ ಅಮ್ಮ.
ಗಿಡುಗವನ್ನೇ ಕಾಣದ ಮೂರು ದಿನದ ಜೀವಕ್ಕೆ
ಇದನ್ನು ಯಾರು ಹೇಳಿಕೊಟ್ಟರು?

ಏಳನೆಯ ರಾತ್ರಿ ಲೈನೆ ಅಕ್ಕನ ಮನೆಗೆ ಹೋಗಿದ್ದಳು.
ನಮ್ಮದು ಬೆಳಕಿಲ್ಲದ ಬುರುಡೆ, ಪಿಂಗಾಣಿಯದು, ಬರೀ ಶಾಖ.
ಉರಿದರೂ ಕೆಟ್ಟರೂ ಒಂದೇ ಮುಖ.
ಅದು ಕೆಟ್ಟಿತು.
ಪೆಟ್ಟಿಗೆಗೆ ಬೆನ್ನು ಹಾಕಿ ಕೂತು ನಾನು
ಬಲೆಯ ಕಣ್ಣು ಹೆಣೆಯುತ್ತಿದ್ದೆ, ಎರಡು ತಾಸು.
ಮೊಳದಾಚೆ ಒಂಬತ್ತು ಕೊರಳು ನನ್ನನ್ನು ಕರೆದಿರಬೇಕು.
ತಿರುಗಿದಾಗ ಒಂದೇ ಗುಪ್ಪೆ,
ಕೆಳಗಿನದು ಚಪ್ಪಟೆ.

ಬರ್ಚ್ ಮರದ ಬುಡ ಇನ್ನೂ ಹೆಪ್ಪುಗಟ್ಟಿತ್ತು, ಸಲಿಕೆ ಇಳಿಯಲಿಲ್ಲ.
ಚಹಾ ಡಬ್ಬಿಯಲ್ಲಿ ಮಲಗಿಸಿ
ಸೌದೆ ಕೊಟ್ಟಿಗೆಯ ಹಲಗೆ ಮೇಲಿಟ್ಟೆ, ನೆಲ ಕರಗುವ ತನಕ.
ಲೈನೆ ಏನೂ ಹೇಳಲಿಲ್ಲ. ಹೇಳಿದ್ದರೂ
ಆ ದಿನ ಅವಳ ತುಟಿಯತ್ತ ನಾನು ನೋಡಲಿಲ್ಲ.

ಅಂದಿನಿಂದ ಸೌನಾದ ಬೆಂಚಿನ ಮೇಲೆಯೇ ಮಲಗಿದೆ,
ಪೆಟ್ಟಿಗೆಯ ಪಕ್ಕದ ಹಲಗೆ ಕಿತ್ತು, ಒಂದು ಕೈ ಒಳಗಿಟ್ಟು.
ಮೊದಲು ದೂರವೇ ಸುಳಿದಾಡಿದವು. ಆಮೇಲೆ ಒಂದು,
ಇನ್ನೆರಡು, ಕೊನೆಗೆ ಎಂಟೂ
ಅಂಗೈಯಡಿ ನುಗ್ಗಿದವು.
ಆಗ ಬಂತು ಅದು: ಮೂಳೆಯೊಳಗೆ ಸಣ್ಣ ನಡುಕ,
ದೂರದ ದೋಣಿಯ ಎಂಜಿನ್ ಕಟ್ಟೆಯ ಹಲಗೆಗೆ ತಾಗುವಂತೆ.
ಬೆಳಗ್ಗೆ ಲೈನೆಯ ಮಣಿಕಟ್ಟಿನ ಮೇಲೆ ಬೆರಳಾಡಿಸಿ ತೋರಿಸಿದೆ.
'ಓ, ಅದಾ?' ಎಂದಳು. 'ಅದು ಸುಮ್ಮನೆ.
ನೆಮ್ಮದಿಯಾದಾಗ ಹಾಗೆ ಮಾಡುತ್ತವೆ.'
ಸುಮ್ಮನೆಯಂತೆ!

ಜುಲೈ. ಕತ್ತಲು ಬಂದ ಹಾಗೆ ಮಾಡಿ ಹೋಗುವ ರಾತ್ರಿಗಳು.
ಎಂಟರಲ್ಲಿ ಐದು ಹುಂಜವೆಂದು ಈಗ ತಿಳಿಯಿತು.
ಮೂರು ಗಂಟೆಗೇ ಶುರು ಹಚ್ಚುತ್ತವಂತೆ.
ಎಂಡೆಲ್ ಬೇಲಿಯಾಚೆ ನಿಂತು
ಕಡಲಿನ ಹಾಗೆ ಬಾಯಿ ಆಡಿಸುತ್ತಾನೆ.
ಲೈನೆ ದಿಂಬಿನಡಿ ತಲೆ ತೂರಿಸುತ್ತಾಳೆ.
ಈ ಕೇರಿಯಲ್ಲಿ ಬೆಳಗಿನ ನಿದ್ದೆ ಉಳಿದಿರುವುದು
ನನಗೊಬ್ಬನಿಗೇ.